ಬೆಚ್ಚಿದ ಮೇಲೆ ಹೆದರಿಕೆಯೋ, ಹೆದರಿಕೆಯಿದ್ದು ಬೆಚ್ಚುವುದೋ?

ಪರಾವರ್ತಿತ ಚಾಪದ, ಅಂದರೆ ಪ್ರಚೋದನೆಯಿಂದ ಸ್ನಾಯುವಿನವರೆಗಿನ ನರದ ದಾರಿಯ, ಚಿತ್ರವನ್ನು ಹತ್ತನೆಯ ತರಗತಿಯಿಂದ ಬಿಡಿಸುತ್ತ ಬಂದಿದ್ದೇವೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬೆಚ್ಚುವಿಕೆಯ ಈ ಅಧ್ಯಾಯದಲ್ಲಿ ನನ್ನ ತಲೆ ತಿಂದದ್ದು ಸಮಯದ ಲೆಕ್ಕ. ಬೆನ್ನ ಹಿಂದೆ ಪಟಾಕಿ ಸಿಡಿದರೆ ರೆಪ್ಪೆ ಮುಚ್ಚುವ ಸ್ನಾಯು ಸುಮಾರು 30ರಿಂದ 50 ಮಿಲಿಸೆಕೆಂಡುಗಳಲ್ಲಿ ಬಿಗಿಯುತ್ತದೆ. ಅಷ್ಟರಲ್ಲಿ ಅದೇನು ಸದ್ದೆಂದು ಗುರುತಿಸುವುದಕ್ಕೇ ವ್ಯವಧಾನವಿಲ್ಲ, ಇನ್ನು ಹೆದರುವುದೆಲ್ಲಿ ಬಂತು? ಆದರೂ ಭಯದಲ್ಲಿರುವವರು ಹೆಚ್ಚು ಜೋರಾಗಿ ಬೆಚ್ಚುತ್ತಾರೆ ಎಂದು ಪಠ್ಯ ಹೇಳುತ್ತದೆ. ಅಷ್ಟು ನಿಧಾನದ ಭಾವನೆ ಇಷ್ಟು ವೇಗದ ಪ್ರತಿಕ್ರಿಯೆಯನ್ನು ಬೆನ್ನಟ್ಟಿ ಹಿಡಿಯುವುದು ಹೇಗೆ?

ಹಿಡಿಯುವುದೇ ಇಲ್ಲ, ಮೊದಲೇ ಬಂದು ಕಾದಿರುತ್ತದೆ. ಬಿಲ್ಲಿನ ಹೆದೆಯನ್ನು ಎಷ್ಟು ಎಳೆದಿಟ್ಟುಕೊಂಡಿದ್ದೇವೆ ಎಂಬುದು ಸದ್ದಿಗೆ ಮುಂಚೆಯೇ ತೀರ್ಮಾನವಾಗಿರುತ್ತದೆ. ಸದ್ದು ಬೆರಳನ್ನು ಸಡಿಲಿಸುತ್ತದೆ, ಅಷ್ಟೆ.

ಇದನ್ನು ನರಮಾರ್ಗದ ಮೇಲಿಟ್ಟು ನೋಡಿದರೆ ಗಟ್ಟಿಯಾಗುತ್ತದೆ. ಬೆಚ್ಚುವಿಕೆಯ ದಾರಿ ತೀರಾ ಚಿಕ್ಕದು: ಕಿವಿಯ ನರ, ಮಿದುಳು ಕಾಂಡದ ಪಾನ್ಸ್ ಭಾಗದಲ್ಲಿರುವ ಪಿಎನ್‌ಸಿ ಎಂಬ ನರಕೋಶಗಳ ಗುಂಪು, ಅಲ್ಲಿಂದ ನೇರ ಸ್ನಾಯುವಿನ ನರಗಳಿಗೆ. ಇಲಿಯ ಹಿಂಗಾಲಿನ ಸ್ನಾಯು ಸುಮಾರು 8 ಮಿಲಿಸೆಕೆಂಡಿಗೇ ಕದಲುತ್ತದೆ. ಈ ದಾರಿಯಲ್ಲಿ ಅಮಿಗ್ಡಾಲ, ಅಂದರೆ ಭಯವನ್ನು ನಿಭಾಯಿಸುವ ಮಿದುಳಿನ ಭಾಗ, ಎಲ್ಲೂ ಇಲ್ಲ. ಅದು ಪಕ್ಕದಲ್ಲಿ ನಿಂತು ಪಿಎನ್‌ಸಿಗೆ ತನ್ನ ಎಳೆಗಳನ್ನು ಕಳಿಸುತ್ತದೆ. ಭಯವಿದ್ದಷ್ಟು ಹೊತ್ತೂ ಅಲ್ಲಿನ ಕೋಶಗಳನ್ನು ಎಚ್ಚರದಲ್ಲಿ ಇಡುತ್ತದೆ.

ಪುರಾವೆ ಇಲಿಗಳದ್ದು. 1951ರಲ್ಲಿ ಬ್ರೌನ್, ಕ್ಯಾಲಿಷ್ ಮತ್ತು ಫಾರ್ಬರ್ ವಿದ್ಯುತ್ ಆಘಾತದ ಮುನ್ಸೂಚನೆಯನ್ನು ಇಲಿಗಳಿಗೆ ಕಲಿಸಿದರು. ಆ ಮುನ್ಸೂಚನೆ ಇದ್ದಾಗ ಜೋರು ಸದ್ದು ಮಾಡಿದರೆ ಅವು ಮಾಮೂಲಿಗಿಂತ ಹೆಚ್ಚು ಬೆಚ್ಚಿದವು. 1986ರಲ್ಲಿ ಹಿಚ್‌ಕಾಕ್ ಮತ್ತು ಮೈಕೆಲ್ ಡೇವಿಸ್ ಅಮಿಗ್ಡಾಲದ ಕೇಂದ್ರ ಭಾಗವನ್ನು ಹಾಳುಮಾಡಿದಾಗ ಆ ಹೆಚ್ಚುವರಿ ಪಾಲು ಮಾಯವಾಯಿತು. ಇಲ್ಲಿ ಒಂದು ಅನುಮಾನ ಸಹಜ: ಇಲಿಗೆ ಜೋರಾಗಿ ಬೆಚ್ಚುವ ಶಕ್ತಿಯೇ ಹೋಗಿರಬಹುದಲ್ಲ? ಅದನ್ನೂ ಅವರು ಪರೀಕ್ಷಿಸಿದ್ದರು. ಸದ್ದನ್ನೇ ಹೆಚ್ಚು ಜೋರು ಮಾಡಿದರೆ ಅದೇ ಇಲಿಗಳು ಹೆಚ್ಚು ಬೆಚ್ಚುತ್ತಿದ್ದವು. ಅಂದರೆ ಪ್ರತಿಕ್ರಿಯೆ ಉಳಿದಿತ್ತು, ಭಯ ಕೊಡುತ್ತಿದ್ದ ಮೇಲೋಗರ ಮಾತ್ರ ಹೋಗಿತ್ತು. ಪರೀಕ್ಷೆಯಲ್ಲಿ ಈ ಎರಡನೆಯ ಹೆಜ್ಜೆಯನ್ನು ಬರೆಯದಿದ್ದರೆ ಉತ್ತರ ಅರ್ಧವೇ.

ಮನುಷ್ಯರಲ್ಲಿ: 1988ರಲ್ಲಿ ವ್ರಾನಾ, ಸ್ಪೆನ್ಸ್ ಮತ್ತು ಲ್ಯಾಂಗ್ ಚಿತ್ರಗಳನ್ನು ತೋರಿಸುತ್ತ ನಡುವೆ ಹಠಾತ್ ಸದ್ದು ಕೇಳಿಸಿದರು. ಅಹಿತಕರ ಚಿತ್ರ ನೋಡುವಾಗ ರೆಪ್ಪೆಯ ಮಿಟುಕು ದೊಡ್ಡದು, ಹಿತಕರ ಚಿತ್ರಕ್ಕೆ ಚಿಕ್ಕದು. ಅಂಗೈ ಬೆವರಾದರೋ ಚಿತ್ರ ಹಿತವಾಗಿರಲಿ ಭೀಕರವಾಗಿರಲಿ, ಮನಸ್ಸನ್ನು ಕೆರಳಿಸಿದರೆ ಏರುತ್ತದೆ. ನಾನು ನೆನಪಿಟ್ಟುಕೊಳ್ಳುವ ಸೂತ್ರ: ಬೆವರು ತೀವ್ರತೆ ಹೇಳುತ್ತದೆ, ರೆಪ್ಪೆ ದಿಕ್ಕು ಹೇಳುತ್ತದೆ. ಚಿತ್ರ ಮೂಡಿದ ಕೂಡಲೇ ಸದ್ದು ಬಂದರೆ ಮಾತ್ರ ಈ ಸೂತ್ರ ಕೈಕೊಡುತ್ತದೆ. ಆಗ ಗಮನ ಚಿತ್ರದ ಮೇಲಿರುವುದರಿಂದ ಮಿಟುಕು ಕುಗ್ಗುತ್ತದೆ. ಭಾವನೆಯ ಪ್ರಭಾವ ಕಾಣಲು ಇನ್ನಷ್ಟು ಹೊತ್ತು ಬೇಕು.

ಇನ್ನು ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಲಂಡನ್‌ನಲ್ಲಿ ಕಿಯಾರಾ ಸ್ಯಾಂಬೊ ಮತ್ತು ಜಾಂಡೊಮೆನಿಕೊ ಇಯಾನೆಟ್ಟಿ ಮಾಡಿದ ಪ್ರಯೋಗಗಳು. ಮಣಿಕಟ್ಟಿನ ಮೀಡಿಯನ್ ನರಕ್ಕೆ ವಿದ್ಯುತ್ ಚುರುಕು ಕೊಟ್ಟರೆ ಕೆಲವರಲ್ಲಿ ಕಣ್ಣು ಮಿಟುಕುತ್ತದೆ. ಚುರುಕು ಕೈಗೆ, ಮುಚ್ಚುವುದು ಕಣ್ಣು! ಕೈ ಮುಖದ ಹತ್ತಿರವಿದ್ದರೆ ಅದೇ ಚುರುಕಿಗೆ ಮಿಟುಕು ಜೋರಾಗುತ್ತದೆ, ದೂರ ಚಾಚಿದರೆ ಕುಗ್ಗುತ್ತದೆ. ನರಕ್ಕೆ ಬಿದ್ದ ವಿದ್ಯುತ್ತು ಬದಲಾಗಿಲ್ಲ, ಕೈ ಇರುವ ಜಾಗ ಬದಲಾಗಿದೆ. ಕಣ್ಣು ಮುಚ್ಚಿಕೊಂಡಿದ್ದರೂ ಹೀಗೇ ಆಗುತ್ತದೆ. ಕೈ ಎಲ್ಲಿದೆ ಎಂದು ಕೀಲು, ಸ್ನಾಯುಗಳೇ ತಿಳಿಸುತ್ತವೆ. ಮುಖಕ್ಕೂ ಕೈಗೂ ನಡುವೆ ತೆಳುವಾದೊಂದು ಮರದ ಹಲಗೆ ಇಟ್ಟರೆ ಆ ಹೆಚ್ಚಳ ತಗ್ಗುತ್ತದೆ. ಮಿದುಳು ಕಾಂಡದ ಪ್ರತಿಕ್ರಿಯೆಗೆ ಹಲಗೆಯ ಅರ್ಥ ಗೊತ್ತಾಗುವುದು ಹೇಗೆ? ಮತ್ತೆ ಮೇಲಿನ ಉತ್ತರವೇ: ಚುರುಕು ಬೀಳುವ ಮುಂಚೆಯೇ ಮಿದುಳಿನ ಮೇಲ್ಭಾಗ ಜಾಗ, ಅಪಾಯ, ಅಡ್ಡಿ ಎಲ್ಲವನ್ನೂ ತೂಗಿ ಕೆಳಗೆ ತಿಳಿಸಿರುತ್ತದೆ.

2013ರಲ್ಲಿ ಅವರು ಮುಖದ ಸುತ್ತಲಿನ ಈ ರಕ್ಷಣಾ ವಲಯದ ಅಂಚನ್ನೇ ಹುಡುಕಿದರು. ಮುಖದಿಂದ 20ರಿಂದ 40 ಸೆಂಟಿಮೀಟರ್ ನಡುವೆ ಎಲ್ಲೋ ಮಿಟುಕು ಥಟ್ಟನೆ ಏರುತ್ತದೆ. ಸ್ವಭಾವತಃ ಆತಂಕ ಹೆಚ್ಚಿರುವವರಲ್ಲಿ ಆ ವಲಯ ದೊಡ್ಡದು. ಆ ಕ್ಷಣದ ಹೆದರಿಕೆಯ ವಿಷಯ ಇದಲ್ಲ. ಅವರ ದಿನನಿತ್ಯದ ಸ್ವಭಾವವೇ ಬೇಲಿಯನ್ನು ಆಚೆಗೆ ಸರಿಸಿರುತ್ತದೆ.

ಭಯ ಮತ್ತು ಆತಂಕದ ವ್ಯತ್ಯಾಸ ಚುಟುಕಾಗಿ: ಆಘಾತ ಯಾವ ಗುರುತಿನ ಹಿಂದೆ ಬರುತ್ತದೆ ಎಂದು ತಿಳಿದಿದ್ದರೆ ಭಯ, ಯಾವಾಗ ಬೀಳುತ್ತದೋ ಗೊತ್ತಿಲ್ಲದಿದ್ದರೆ ಆತಂಕ. ಸಂಶೋಧಕ ಗ್ರಿಲ್ಲನ್ ತಂಡ ಮನುಷ್ಯರಿಗೆ ಅಲ್ಪ್ರಾಜೊಲಾಮ್ ಎಂಬ ಆತಂಕ ತಗ್ಗಿಸುವ ಮಾತ್ರೆ ಕೊಟ್ಟು ನೋಡಿದಾಗ ಎರಡನೆಯದರ ಬೆಚ್ಚುವಿಕೆ ಇಳಿಯಿತು, ಮೊದಲನೆಯದರದ್ದು ಇಳಿಯಲಿಲ್ಲ. ಇಲಿಗೆ ಬೆಳಕಿದ್ದರೆ ಬೆಚ್ಚುವಿಕೆ ಹೆಚ್ಚು, ನಮಗೆ ಕತ್ತಲಲ್ಲಿ ಹೆಚ್ಚು. ರಾತ್ರಿ ಓಡಾಡುವ ಪ್ರಾಣಿಗೂ ಹಗಲಿನ ಪ್ರಾಣಿಗೂ ಅಪಾಯದ ಹೊತ್ತು ಬೇರೆ.

ಮಿಟುಕಿನ ಗ್ರಾಫ್ ಓದುವಾಗ: ಕಣ್ಣಿನ ಕೆಳಗೆ ಎಲೆಕ್ಟ್ರೋಡ್ ಅಂಟಿಸಿ ದಾಖಲಿಸುವ ಮಿಟುಕಿನ ಗಾತ್ರ ಒಬ್ಬರಿಂದ ಒಬ್ಬರಿಗೆ ಹಲವು ಪಟ್ಟು ಬದಲಾಗುತ್ತದೆ. ಆದ್ದರಿಂದ ಒಬ್ಬರ ಮೈಕ್ರೋವೋಲ್ಟನ್ನು ಇನ್ನೊಬ್ಬರದಕ್ಕೆ ನೇರ ಹೋಲಿಸದೆ, ಅದೇ ವ್ಯಕ್ತಿಯ ಸರಾಸರಿಗೆ ಹೋಲಿಸಿದ ಅಂಕಗಳನ್ನೇ ನೋಡಬೇಕು.