ಮಾರ್ಕೋನಹಳ್ಳಿ ಸೈಫನ್: ಯಾರೂ ಗೇಟ್ ತೆಗೆಯಲ್ಲ

ಮಾರ್ಕೋನಹಳ್ಳಿ ಡ್ಯಾಂನಿಂದ ನೀರು ಧುಮ್ಮಿಕ್ಕಿದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಯಾರೋ ಹೇಳದೆ ಕೇಳದೆ ಗೇಟ್ ತೆಗೆದುಬಿಟ್ರು.’ ಆದರೆ ಸೈಫನ್‌ಗೆ, ಅಂದರೆ ನೀರನ್ನು ಅಂಚು ಹತ್ತಿಸಿ ಆಚೆ ಕೆಳಗಿಳಿಸುವ ಮುಚ್ಚಿದ ಕೊಳವೆಗೆ, ಗೇಟೇ ಇಲ್ಲ. ಕುಣಿಗಲ್ ತಾಲ್ಲೂಕಿನ ಈ ಜಲಾಶಯದಲ್ಲಿ ಶಿಂಷಾ ನದಿಯ ಹೆಚ್ಚುವರಿ ನೀರನ್ನು ಹೊರಹಾಕೋದು ಸ್ವಯಂಚಾಲಿತ ಸೈಫನ್. ನೀರಿನ ಮಟ್ಟ ಒಂದು ಗೆರೆ ದಾಟಿದರೆ ಶುರು, ಕೆಳಗಿಳಿದರೆ ಬಂದ್. ಕರೆಂಟ್ ಬೇಡ, ಮೋಟಾರ್ ಬೇಡ, ಮನುಷ್ಯನೂ ಬೇಡ. ಇದಕ್ಕಿಂತ ಸೊಗಸಾದ ಯಂತ್ರ ನಮ್ಮ ತುಮಕೂರು ಜಿಲ್ಲೆಯಲ್ಲಿ ಇನ್ನೊಂದಿಲ್ಲ ಅಂತಲೇ ನನಗನ್ನಿಸುತ್ತದೆ. ಆದರೆ ಡ್ಯಾಂ ಕೆಳಗೆ ನದಿಪಾತ್ರದ ಬಂಡೆಗಳ ನಡುವೆ ಟೆಂಟ್ ಹಾಕಿ, ಒಲೆ ಹೂಡಿ, ತಮ್ಮ ಪಾಡಿಗೆ ಮಲಗುವ ಹುಡುಗರನ್ನು ನೆನೆದರೆ ಎದೆ ಝಲ್ ಅನ್ನುತ್ತದೆ.

ಕೆರೆ ಕೋಡಿ ನಮಗೆಲ್ಲ ಗೊತ್ತು. ಕೆರೆ ತುಂಬಿತು, ಕಲ್ಲಿನ ಮೇಲೆ ಬೆರಳು ದಪ್ಪ ನೀರು ಹರಿಯಿತು, ಮಳೆ ಜಾಸ್ತಿಯಾದರೆ ಗೇಣುದ್ದ ಆಯಿತು. ನಿಧಾನಕ್ಕೆ ಏರುತ್ತದೆ. ನೋಡುತ್ತಾ ನಿಂತವರಿಗೆ ದಡ ಸೇರೋಕೆ ಸಮಯ ಸಿಗುತ್ತದೆ. ಒಂದು ಲೆಕ್ಕ ಹಾಕೋಣ. ಕೋಡಿಯ ಮೇಲೆ 10 ಸೆಂಟಿಮೀಟರ್ ನೀರು ಹರಿಯುತ್ತಿದ್ದರೆ, ಒಂದು ಮೀಟರ್ ಅಗಲಕ್ಕೆ ಸೆಕೆಂಡಿಗೆ ಸುಮಾರು 50 ಲೀಟರ್ ಹೊರಹೋಗುತ್ತದೆ. ಈಗ ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಸೈಫನ್ ಕೊಳವೆ ತಗೊಳ್ಳಿ. ಅದರ ಹೊರಬಾಯಿ ಜಲಾಶಯದ ಮಟ್ಟಕ್ಕಿಂತ 5 ಮೀಟರ್ ಕೆಳಗಿದೆ ಅಂದುಕೊಳ್ಳಿ. ಅದು ಪೂರ್ತಿ ತುಂಬಿ ಹರಿದರೆ, ಘರ್ಷಣೆಯ ನಷ್ಟ ಕಳೆದ ಮೇಲೂ ಸೆಕೆಂಡಿಗೆ 6,000 ಲೀಟರ್ ದಾಟುತ್ತದೆ. ನೂರು ಪಟ್ಟಿಗಿಂತ ಜಾಸ್ತಿ! ಕೋಡಿಗೆ ಸಿಗೋದು ಕಲ್ಲಿನ ಮೇಲೆ ನಿಂತ ಅಷ್ಟೇ ನೀರಿನ ಒತ್ತಡ. ಸೈಫನ್‌ಗಾದರೆ ಮೇಲಿನ ಮಟ್ಟದಿಂದ ಹೊರಬಾಯಿಯ ತನಕದ ಇಡೀ ಇಳಿಜಾರು ದಕ್ಕುತ್ತದೆ.

ಡ್ರಮ್ಮಿಗೆ ಪೈಪ್ ಇಳಿಬಿಟ್ಟು, ಬಾಯಲ್ಲಿ ಎಳೆದು ಡೀಸೆಲ್ ತೆಗೆದವರೆಲ್ಲ ಸೈಫನ್ ನೋಡಿದ್ದಾರೆ. ಆದರೆ ‘ಪೈಪ್ ಹೀರುತ್ತೆ’ ಅನ್ನೋ ತಪ್ಪು ತಿಳಿವಳಿಕೆ ಮಾತ್ರ ಹೋಗಿಲ್ಲ. ಬಾವಿ ರಾಟೆಯ ಮೇಲೆ ಹಗ್ಗ ಹಾಕಿ, ಒಂದು ಕಡೆ ಜಾಸ್ತಿ ಉದ್ದ ಇಳಿಬಿಡಿ. ಉದ್ದದ ಕಡೆ ಭಾರ ಹೆಚ್ಚು, ಹಗ್ಗ ಆ ಕಡೆಗೇ ಜಾರುತ್ತದೆ. ಸೈಫನ್ನಿನಲ್ಲೂ ಉದ್ದನೆಯ ಕಾಲಿನ ನೀರು ಇಳಿಯುತ್ತಾ ಗಿಡ್ಡ ಕಾಲಿನ ನೀರನ್ನು ಏರಿಸಿಕೊಳ್ಳುತ್ತದೆ. ಒಂದೇ ವ್ಯತ್ಯಾಸ, ಹಗ್ಗದ ಎಳೆಗಳು ಒಂದಕ್ಕೊಂದು ಹೊಸೆದುಕೊಂಡಿರುತ್ತವೆ. ಪೈಪಿನೊಳಗಿನ ನೀರು ನಡುವೆ ತುಂಡಾಗದ ಹಾಗೆ ಎರಡೂ ಕಡೆಯಿಂದ ಒತ್ತಿ ಹಿಡಿಯೋದು ನಮ್ಮ ತಲೆಯ ಮೇಲಿನ ಗಾಳಿ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 10.3 ಮೀಟರ್ ಎತ್ತರದ ನೀರನ್ನು ಎತ್ತಿ ನಿಲ್ಲಿಸಬಲ್ಲದು. 731 ಮೀಟರ್ ಎತ್ತರದಲ್ಲಿರುವ ಮಾರ್ಕೋನಹಳ್ಳಿಯಲ್ಲಿ ಗಾಳಿ ಸ್ವಲ್ಪ ತೆಳು, ಹಾಗಾಗಿ ಅದು ಒಂಬತ್ತೂವರೆ ಮೀಟರ್ ಆಸುಪಾಸಿಗೆ ಇಳಿಯುತ್ತದೆ. ನೀರಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಬಿಡುವುದರಿಂದ ಏಳೆಂಟು ಮೀಟರಿಗಿಂತ ಹೆಚ್ಚನ್ನು ಇಂಜಿನಿಯರುಗಳು ನೆಚ್ಚಿಕೊಳ್ಳುವುದಿಲ್ಲ.

ಹಾಗಾದರೆ ಡ್ಯಾಂನಲ್ಲಿ ಬಾಯಿ ಹಾಕಿ ಎಳೆಯೋರು ಯಾರು? ನೀರೇ! ಮೈಸೂರು ಸಂಸ್ಥಾನದ ಇಂಜಿನಿಯರ್ ವಿ. ಗಣೇಶ್ ಅಯ್ಯರ್ ರೂಪಿಸಿದ ಸುರುಳಿ ಸೈಫನ್ ಇದಕ್ಕೆ ಅಪ್ಪಟ ಉದಾಹರಣೆ. ದೊಡ್ಡ ಆಲಿಕೆಯ ಆಕಾರದ ಬಾವಿ, ಅದರ ಅಂಚು ಸರಿಯಾಗಿ ತುಂಬು ಮಟ್ಟಕ್ಕೆ, ಮೇಲೆ ಕವುಚಿದ ಗುಮ್ಮಟ. ಗುಮ್ಮಟದ ಕೆಳ ಅಂಚು ನೀರಲ್ಲಿ ಮುಳುಗಿರುವುದರಿಂದ ಒಳಗಿನ ಗಾಳಿ ಅಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಮಟ್ಟ ಅಂಚು ದಾಟಿದಾಗ ತೆಳ್ಳನೆ ನೀರು ಆಲಿಕೆಯೊಳಗೆ ಇಳಿಯುತ್ತದೆ. ಅಲ್ಲಿ ಓರೆಯಾಗಿ ಕಟ್ಟಿದ ಸುರುಳಿ ಏಣುಗಳಿವೆ. ಅವು ನೀರನ್ನು ಗಿರಗಿರ ತಿರುಗಿಸುತ್ತವೆ, ತಿರುಗಿದ ನೀರು ನಡುವೆ ಸೇರಿ ಬಾವಿಯ ಬಾಯಿ ಮುಚ್ಚುತ್ತದೆ, ಇಳಿಯುವಾಗ ಗುಮ್ಮಟದ ಗಾಳಿಯನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಒಳಗೆ ಗಾಳಿ ಕಮ್ಮಿಯಾದಷ್ಟೂ ನೀರು ಹೆಚ್ಚು ನುಗ್ಗುತ್ತದೆ, ನೀರು ನುಗ್ಗಿದಷ್ಟೂ ಗಾಳಿ ಇನ್ನೂ ಬೇಗ ಖಾಲಿ. ಇದಕ್ಕೆ ಪ್ರೈಮ್ ಆಗೋದು ಅಂತಾರೆ. ಕೆಲವೇ ನಿಮಿಷಗಳಲ್ಲಿ ಬಾವಿ ಪೂರ್ತಿ ತುಂಬಿ ಭೋರ್ಗರೆಯುತ್ತದೆ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲಿ ಇಂಥ ಸೈಫನ್‌ಗಳ ಸಾಲೇ ಇದೆ. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಅದು ಮುಳುಗಿತು, ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಾತ್ರ ಗುಮ್ಮಟಗಳು ಕಾಣುತ್ತವೆ.

ನಮ್ಮ ಕಡೆ ತಾನಾಗಿ ನಡೆಯುವ ಡ್ಯಾಂ ಕೆಲಸವನ್ನೆಲ್ಲ ವಿಶ್ವೇಶ್ವರಯ್ಯನವರ ಲೆಕ್ಕಕ್ಕೇ ಬರೆಯುತ್ತಾರೆ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರ ಮೇಲೆ ನಮಗೆ ಆ ಅಭಿಮಾನ ಸಹಜವೇ. ಆದರೆ ಅವರು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ್ದು ಸ್ವಯಂಚಾಲಿತ ಗೇಟು. ಗೇಟು ಅಂದಮೇಲೆ ಅಲ್ಲಿ ಚಲಿಸುವ ಭಾಗಗಳುಂಟು. ಸೈಫನ್ನಿನಲ್ಲಿ ಚಲಿಸೋದು ನೀರು ಮತ್ತು ಗಾಳಿ ಎರಡೇ. ತುಕ್ಕು ಹಿಡಿಯೋಕೆ, ಸಿಕ್ಕಿಕೊಳ್ಳೋಕೆ ಏನೂ ಇಲ್ಲ. ಗಣೇಶ್ ಅಯ್ಯರ್ ಹೆಸರು ನಮ್ಮ ಶಾಲಾ ಮಕ್ಕಳಿಗೂ ಗೊತ್ತಾಗಬೇಕು.

ಜಲಾಶಯದ ಮೇಲ್ಭಾಗದ ನೆಂಟರ ತೆಂಗಿನ ತೋಟದಲ್ಲಿ ಟೆಂಟ್ ಹಾಕಿದ್ದಾಗ ತಮ್ಮನ ಮಗ ಕೇಳಿದ, ‘ದೊಡ್ಡಪ್ಪ, ವಿಡಿಯೋದಲ್ಲಿ ಡ್ಯಾಂ ಪಕ್ಕದಲ್ಲೇ ಹಡಗು ಮೇಲಕ್ಕೆ ಹತ್ತುತ್ತಲ್ಲ, ಇಲ್ಲಿ ಯಾಕಿಲ್ಲ?’ ಅವನು ಹೇಳಿದ್ದು ಲಾಕ್. ಎರಡು ಬಾಗಿಲ ನಡುವೆ ದೋಣಿ ನಿಲ್ಲಿಸಿ, ಮೇಲಿನ ನೀರು ಒಳಬಿಟ್ಟರೆ ದೋಣಿ ತಾನೇ ತೇಲಿ ಏರುತ್ತದೆ. ಪಂಪಿಲ್ಲ, ಅದೂ ಬರೀ ಇಳಿಜಾರಿನ ಕೆಲಸ. ನಮ್ಮ ನೆರೆಯಲ್ಲೂ ಇತ್ತು. ಸುಂಕೇಸುಲದ ಹತ್ತಿರ ತುಂಗಭದ್ರೆಯಿಂದ ಹೊರಡುವ ಕರ್ನೂಲು–ಕಡಪ ಕಾಲುವೆಯನ್ನು ದೋಣಿ ಸಂಚಾರಕ್ಕೂ ಅಂತಲೇ ಲಾಕ್ ಇಟ್ಟು ಕಟ್ಟಿದ್ದರು. ಆದರೆ ಲಾಕ್ ನೀರು ಕುಡಿಯುತ್ತದೆ. ಪನಾಮಾ ಕಾಲುವೆಯ ಹಳೆಯ ಲಾಕ್‌ಗಳಲ್ಲಿ ಒಂದು ಹಡಗನ್ನು 26 ಮೀಟರ್ ಹತ್ತಿಸಿ ಇಳಿಸೋಕೆ ಸುಮಾರು 19 ಕೋಟಿ ಲೀಟರ್ ಸಿಹಿನೀರು ಸಮುದ್ರ ಸೇರುತ್ತದೆ. ವರ್ಷದಲ್ಲಿ ಅರ್ಧಕಾಲ ಮರಳು ಕಾಣುವ ಶಿಂಷೆಗೆ ಅದೆಲ್ಲಿ ಸಾಧ್ಯ? ಇನ್ನೂ ಒಂದು ವಿಷಯ ಅವನಿಗೆ ಹೇಳಿದೆ. ಲಾಕ್ ಹತ್ತಿರ ಬಾಗಿಲು ಕಾಯುವವರು ಇರುತ್ತಾರೆ, ಕೂಗಿದರೆ ಕೇಳಿಸಿಕೊಳ್ಳುತ್ತಾರೆ. ಸೈಫನ್‌ಗೆ ಕಿವಿ ಇಲ್ಲ.

ಅಪಾಯ ಇರೋದೇ ಇಲ್ಲಿ. ಶಿಂಷಾ ಹುಟ್ಟೋದು ದೇವರಾಯನದುರ್ಗದ ಬೆಟ್ಟಗಳಲ್ಲಿ. ಮೇಲ್ಗಡೆ ಸಾಲು ಸಾಲು ಕೆರೆಗಳು. ಅವೆಲ್ಲ ಒಣಗಿದ್ದಾಗ ಬಂದ ಮಳೆಯನ್ನು ನುಂಗಿಕೊಳ್ಳುತ್ತವೆ, ತುಂಬಿದ ಮೇಲೆ ಒಂದರ ಕೋಡಿ ಇನ್ನೊಂದಕ್ಕೆ ಬಿದ್ದು ಎಲ್ಲ ನೀರೂ ಕೆಳಗೇ ಬರುತ್ತದೆ. ರಾತ್ರಿ ಅಲ್ಲಿ ಮಳೆ ಸುರಿದಿರುತ್ತದೆ, ಬೆಳಿಗ್ಗೆ ಡ್ಯಾಂ ಹತ್ತಿರದ ಎಡೆಯೂರಿನ ಕಡೆ ಚುರುಚುರು ಬಿಸಿಲು. ಡ್ಯಾಂ ಕೆಳಗೆ ಮೊಣಕಾಲುದ್ದ ನೀರಲ್ಲಿ ಮಕ್ಕಳು ಆಡುತ್ತಿರುವಾಗ ಸೈಫನ್ ಪ್ರೈಮ್ ಆಗಬಹುದು. ಮೊದಲು ಸೈಫನ್ ಬಾಯಿಂದ ಗಾಳಿ ಬೆರೆತ ಬಿಳಿ ನೊರೆ ಉಗಿಯುತ್ತದೆ, ಗೊಳಗೊಳ ಸದ್ದಾಗುತ್ತದೆ. ‘ಆಹಾ’ ಅಂತ ಮೊಬೈಲ್ ತೆಗೆಯುವ ಹೊತ್ತಲ್ಲ ಅದು, ದಡ ಹತ್ತುವ ಹೊತ್ತು. ಜಲಾಶಯ ತುಂಬಿದ ದಿನಗಳಲ್ಲಿ ಟೆಂಟ್ ಹಾಕಲೇಬೇಕಿದ್ದರೆ ನದಿಪಾತ್ರ ಬಿಟ್ಟು, ದಡದ ಕಲ್ಲುಗಳ ಮೇಲಿನ ಹಳೆಯ ನೀರಿನ ಕಲೆಗಿಂತ ಎತ್ತರದಲ್ಲಿ ಹಾಕಿ.

ನೀರು ನಿಂತ ಮೇಲೆ ಮೋಸ ಇನ್ನೂ ಜಾಸ್ತಿ. ಮಟ್ಟ ಇಳಿದು ಗಾಳಿ ಒಳನುಗ್ಗಿದರೆ ಸೈಫನ್ ತಟ್ಟನೆ ಬಂದ್ ಆಗುತ್ತದೆ. ಹೊಳೆ ಇಳಿಯುತ್ತದೆ, ಗುಂಡಿಗಳಲ್ಲಿ ಮೀನು ಉಳಿದಿರುತ್ತವೆ, ಜನ ಬಲೆ ಹಿಡಿದು ಇಳಿಯುತ್ತಾರೆ. ಆದರೆ ಮೇಲಿಂದ ಬರುವ ನೀರು ನಿಂತಿರುವುದಿಲ್ಲ. ಸೈಫನ್ ಹೊರಹಾಕಿದ್ದಕ್ಕಿಂತ ಒಳಹರಿವು ಕಮ್ಮಿ ಇತ್ತು, ಅದಕ್ಕೇ ಮಟ್ಟ ಇಳಿಯಿತು, ಅಷ್ಟೇ. ಅದೇ ಒಳಹರಿವು ಮಟ್ಟವನ್ನು ಮತ್ತೆ ಅಂಚಿಗೆ ತರುತ್ತದೆ, ಸೈಫನ್ ಮತ್ತೆ ಪ್ರೈಮ್ ಆಗುತ್ತದೆ. ಒಂದೇ ದಿನದಲ್ಲಿ ಹೀಗೆ ಮತ್ತೆ ಮತ್ತೆ ಆಗಬಹುದು.