ಜೂನ್ ಬಗ್: ರೆಕ್ಕೆ ತುದಿಯ ಪುಟ್ಟ ಹಲಗೆಗಾಗಿ ನಡೆದ ಜಗಳ

ಹಾರುತ್ತಿರುವ ವಿಮಾನ ಪಕ್ಕಕ್ಕೆ ವಾಲಿದರೆ ಮತ್ತೆ ನೆಟ್ಟಗೆ ಮಾಡುವುದು ಹೇಗೆ? ಶುರುವಿನಲ್ಲಿ ಎಲ್ಲರನ್ನೂ ಕಾಡಿದ ಪ್ರಶ್ನೆ ಇದು. ರೈಟ್ ಸಹೋದರರು ತಂತಿ ಎಳೆದು ರೆಕ್ಕೆಯನ್ನೇ ತಿರುಚುವ ದಾರಿ ಕಂಡುಕೊಂಡರು. 1906ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು.

ಮರುವರ್ಷ, ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ನಾಲ್ವರು ಯುವಕರನ್ನು ಸೇರಿಸಿಕೊಂಡು ಏರಿಯಲ್ ಎಕ್ಸ್‌ಪೆರಿಮೆಂಟ್ ಅಸೋಸಿಯೇಷನ್ ಎಂಬ ವಿಮಾನ ಪ್ರಯೋಗದ ತಂಡ ಕಟ್ಟಿದರು. ದುಡ್ಡು ಹಾಕಿದ್ದು ಅವರ ಹೆಂಡತಿ ಮೇಬಲ್. ಇದನ್ನು ಮರೆಯಬಾರದು. ನಾಲ್ವರಲ್ಲಿ ಒಬ್ಬರು ಗ್ಲೆನ್ ಕರ್ಟಿಸ್, ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟಿನಲ್ಲಿ ಮೋಟಾರ್‌ಸೈಕಲ್ ತಯಾರಿಸುತ್ತಿದ್ದವರು.

ತಂಡದ ಮೊದಲ ವಿಮಾನ ರೆಡ್ ವಿಂಗ್. 1908ರ ಮಾರ್ಚ್‌ನಲ್ಲಿ ಹಾರಿತು, ಎರಡನೇ ಹಾರಾಟದಲ್ಲೇ ಬಿದ್ದು ಮುರಿಯಿತು. ವಾಲುವುದನ್ನು ತಡೆಯಲು ಅದರಲ್ಲಿ ಏನೂ ಇರಲಿಲ್ಲ. ಹಾಗಾಗಿ ಮುಂದಿನ ವೈಟ್ ವಿಂಗ್‌ನ ರೆಕ್ಕೆ ತುದಿಗಳಿಗೆ ಮೇಲೆ ಕೆಳಗೆ ಆಡುವ ಪುಟ್ಟ ಹಲಗೆಗಳನ್ನು ಜೋಡಿಸಿದರು. ಈಗ ಏಲರಾನ್ ಅಂತೀವಲ್ಲ, ಅದೇ. ಯುರೋಪಿನಲ್ಲಿ ಈ ಯೋಚನೆ ಮೊದಲೇ ಇತ್ತು.

ಮೂರನೆಯದು ಕರ್ಟಿಸ್ ವಿನ್ಯಾಸದ ಜೂನ್ ಬಗ್. ನನಗೆ ತುಂಬ ಇಷ್ಟವಾದ ವಿಮಾನ. ಮೇಲಿನ ರೆಕ್ಕೆ ತುದಿಗೆ ಬರುತ್ತಾ ಕೆಳಕ್ಕೆ ಬಾಗುತ್ತದೆ, ಕೆಳಗಿನದು ಮೇಲಕ್ಕೆ. ಪೈಲಟ್‌ನ ಹಿಂದೆ ಗಾಳಿಯಿಂದಲೇ ತಣ್ಣಗಾಗುವ 8 ಸಿಲಿಂಡರಿನ ಎಂಜಿನ್, ಅದರ ಹಿಂದೆ ಪ್ರೊಪೆಲ್ಲರ್. ಮೊದಮೊದಲು ರೆಕ್ಕೆಯ ಬಟ್ಟೆಯಲ್ಲಿ ಗಾಳಿ ತೂರಿಹೋಗುತ್ತಿತ್ತು, ವಿಮಾನ ಏಳುತ್ತಲೇ ಇರಲಿಲ್ಲ. ಮೇಣ ಬೆರೆಸಿದ ಲೇಪ ಬಳಿದ ಮೇಲೆ ಎದ್ದಿತು. ಎಲ್ಲಕ್ಕಿಂತ ಚೆಂದದ್ದು ಏಲರಾನ್ ನಡೆಸುವ ರೀತಿ. ಅದರ ತಂತಿಗಳನ್ನು ಪೈಲಟ್‌ನ ಹೆಗಲಿಗೆ ತಾಗುವ ಚೌಕಟ್ಟಿಗೆ ಕಟ್ಟಿದ್ದರು. ವಿಮಾನ ಎಡಕ್ಕೆ ವಾಲಿದರೆ ಆತ ಬಲಕ್ಕೆ ಒರಗಿದರೆ ಸಾಕು. ಬೀಳುವಾಗ ಯಾರೇ ಆದರೂ ಹಾಗೇ ಮಾಡುತ್ತಾರೆ, ಅಲ್ವಾ?

1908ರ ಜುಲೈ 4ರಂದು ಕರ್ಟಿಸ್ ಜನರೆದುರು ಒಂದೂವರೆ ಕಿಲೋಮೀಟರ್‌ಗೂ ಜಾಸ್ತಿ ಹಾರಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಕಪ್ ಗೆದ್ದರು. ರೈಟ್ ಸಹೋದರರು 1905ರಲ್ಲೇ 38 ಕಿಲೋಮೀಟರ್ ಹಾರಿದ್ದರು ನಿಜ. ಆದರೆ ಹೀಗೆ ಜನರನ್ನು, ಪತ್ರಕರ್ತರನ್ನು ಕರೆದು ತೋರಿಸಿರಲಿಲ್ಲ.

ಅದೇ ತಿಂಗಳು ಆರ್ವಿಲ್ ರೈಟ್ ಅವರಿಂದ ಕರ್ಟಿಸ್‌ಗೆ ಎಚ್ಚರಿಕೆಯ ಪತ್ರ ಬಂತು. ರೆಕ್ಕೆ ತಿರುಚಿದರೂ ಒಂದೇ, ಹಲಗೆ ಆಡಿಸಿದರೂ ಒಂದೇ. ಎರಡು ತುದಿಗಳ ಕೋನ ಬೇರೆ ಬೇರೆ ಮಾಡಿ ಸಮತೋಲ ತರುವ ತತ್ವವೇ ತಮ್ಮದು ಎಂಬುದು ರೈಟ್ ಸಹೋದರರ ವಾದ. 1909ರಲ್ಲಿ ಕೇಸು ಹಾಕಿದರು. 1914ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಒಪ್ಪಿತು. ತತ್ವ ಅವರದ್ದೇ ಎಂದು ನಾನೂ ಒಪ್ಪುತ್ತೇನೆ. ಆದರೆ ಗಟ್ಟಿ ರೆಕ್ಕೆಗೆ ಹೊಂದುವುದು ಏಲರಾನ್ ಮಾತ್ರ. ಕೊನೆಗೆ ರೈಟ್ ಕಂಪನಿಯೂ ಅದನ್ನೇ ಬಳಸಿತು.

ಜಗಳ ತಣ್ಣಗಾಗಿದ್ದು 1917ರಲ್ಲಿ. ಅಮೆರಿಕ ಮಹಾಯುದ್ಧಕ್ಕೆ ಇಳಿದಿತ್ತು, ವಿಮಾನಗಳು ಬೇಗ ಬೇಕಿದ್ದವು. ಸರ್ಕಾರದ ಒತ್ತಾಯಕ್ಕೆ ಕಂಪನಿಗಳು ಪೇಟೆಂಟ್‌ಗಳನ್ನು ಹಂಚಿಕೊಳ್ಳಲು ಒಪ್ಪಿದವು.