ಕೊನೆಯ ಸಾಲಿಗೂ ಮಾತು ಕೇಳಿಸಬೇಕು

ಮುಂಬೈಯಲ್ಲಿ ಕನ್ನಡ ಬ್ಯಾಂಡುಗಳ ಕಾರ್ಯಕ್ರಮ ಮುಗಿದ ಮೇಲೆ ಚಹಾ ಕೊಡುವ ಜಾಗದಲ್ಲಿ ನಿಂತರೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. "ಮ್ಯೂಸಿಕ್ ಚೆನ್ನಾಗಿತ್ತು ಮಾರಾಯ್ರೆ, ಆದ್ರೆ ಹಾಡಿದ್ದೇನು ಅಂತಲೇ ಗೊತ್ತಾಗ್ಲಿಲ್ಲ." ಬ್ಯಾಂಡಿನ ಹುಡುಗರ ಮುಂದೆ ಇದನ್ನು ಯಾರೂ ಹೇಳುವುದಿಲ್ಲ. ಪ್ರೀತಿಯಿಂದಲೇ ಬೆನ್ನು ತಟ್ಟಿ ಕಳಿಸುತ್ತಾರೆ. ಆದರೆ ಮುಂದಿನ ವರ್ಷ ಬೇರೆಯವರನ್ನು ಕರೆಯುತ್ತಾರೆ. ಹುಡುಗರಿಗೆ ಕಾರಣ ಗೊತ್ತಾಗುವುದೇ ಇಲ್ಲ.

ನನ್ನ ಕೆಲಸ ಲೈವ್ ಸೌಂಡ್. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ, ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವರ ಭವನ, ಗಣಪತಿ ಪೆಂಡಾಲು, ಹೋಟೆಲಿನ ಮೂಲೆಯ ಪುಟ್ಟ ಸ್ಟೇಜು. ಹೀಗೆ ಎಲ್ಲ ಥರದ ಜಾಗಗಳಲ್ಲೂ ನಮ್ಮವರು ಹಾಡುತ್ತಾರೆ. ಹುಡುಗ ಹುಡುಗಿಯರ ಕೈಯಲ್ಲಿ ವಿದ್ಯೆ ಇದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಕನ್ನಡ ಕೇಳುಗರು ಬರುವುದು ಸಾಹಿತ್ಯಕ್ಕಾಗಿ. ಭಾವಗೀತೆ ಇರಲಿ, ಜಾನಪದ ಇರಲಿ, ತುಳು ಹಾಡೇ ಇರಲಿ, ಮಾತು ಕಿವಿಗೆ ಬೀಳದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಒಂದು ಸ್ಥಳೀಯ ಬ್ಯಾಂಡು ಸ್ಟೇಜ್ ಮೇಲೆ ಗೆಲ್ಲಬೇಕಾದರೆ, ಬೇರೆ ಎಲ್ಲ ತೀರ್ಮಾನಗಳನ್ನೂ ಈ ಒಂದು ವಿಷಯಕ್ಕೆ ಹೊಂದಿಸಿಕೊಳ್ಳಬೇಕು.

ಮಾತು ಕಳೆದುಹೋಗುವುದು ಹೇಗೆ? ಹಾಡಿನಲ್ಲಿ ರಾಗವನ್ನು ಹೊರುವುದು ಆ, ಈ, ಓ ಥರದ ಸ್ವರಗಳು. ಪದವನ್ನು ಗುರುತು ಹಿಡಿಸುವುದು ಕ, ತ, ಚ, ಸ, ಶ ಥರದ ವ್ಯಂಜನಗಳು. ಈ ವ್ಯಂಜನಗಳು ಸ್ಪಷ್ಟವಾಗಿ ಕೇಳಬೇಕಾದರೆ ಸುಮಾರು 2,000ದಿಂದ 4,000 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ನಡುವಿನ ಜಾಗ ಖಾಲಿ ಇರಬೇಕು. ತೊಂದರೆ ಏನೆಂದರೆ ಡಿಸ್ಟಾರ್ಷನ್ ಹಾಕಿ ಸದ್ದು ಒರಟಾಗಿಸಿದ ಗಿಟಾರು, ಸ್ನೇರ್ ಡ್ರಮ್ಮು, ಸಿಂಬಲ್ಲು ಎಲ್ಲವೂ ಅಲ್ಲೇ ನುಗ್ಗುತ್ತವೆ. ಸಂಜೆಯ ವಿರಾರ್ ಲೋಕಲ್ ರೈಲಿನ ಬಾಗಿಲಿನ ಹಾಗೆ. ವ್ಯಂಜನಗಳಿಗೆ ಬಲ ಕಡಿಮೆ. ಅವು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತವೆ.

ಹಾಲ್ ಕೂಡ ತನ್ನ ಪಾಲು ಸೇರಿಸುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಿಂದಿನ ಗೋಡೆ 17 ಮೀಟರ್ ದೂರ ಇದ್ದರೆ, ಬಡಿದು ಸ್ಟೇಜಿಗೆ ವಾಪಸ್ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟರಲ್ಲಿ ಹಾಡುವವರು ಮುಂದಿನ ಅಕ್ಷರಕ್ಕೆ ಹೋಗಿರುತ್ತಾರೆ. ಟೈಲ್ಸ್ ನೆಲ, ಬರೀ ಗೋಡೆ, ಗಾಜಿನ ಕಿಟಕಿ ಇರುವ ಮದುವೆ ಹಾಲ್‌ಗಳಲ್ಲಿ ಇಂಥ ಪ್ರತಿಧ್ವನಿ ಒಂದರ ಮೇಲೊಂದು ಬಿದ್ದು ಪದಗಳು ಕಲಸಿಹೋಗುತ್ತವೆ. ಅಲ್ಲಿ ವಾಲ್ಯೂಮ್ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಹಾಗಾಗಿ "ವಾಯ್ಸ್ ಸ್ವಲ್ಪ ಜಾಸ್ತಿ ಕೊಡಿ ಸರ್" ಅನ್ನುವುದು ಎಲ್ಲ ಸಲವೂ ಪರಿಹಾರ ಅಲ್ಲ. ಉಳಿದವರು ತಗ್ಗಬೇಕು.

ಇದನ್ನು ಹೇಳಿದಾಗ ಹೆಚ್ಚಿನ ಹುಡುಗರಿಗೆ ಬೇಜಾರಾಗುತ್ತದೆ. ಸ್ಟೇಜ್ ಮೇಲೆ ಜೋರಾಗಿ ಬಾರಿಸುವ ಖುಷಿಯೇ ಬೇರೆ, ನಿಜ. ಆದರೆ ಇನ್ನೂರು ಮುನ್ನೂರು ಜನ ಕೂರುವ ಹಾಲ್‌ನಲ್ಲಿ ಡ್ರಮ್ ಸೆಟ್ಟಿಗೆ ಮೈಕೇ ಬೇಡ, ಅದು ತಾನಾಗಿಯೇ ಕೊನೆಯ ಸಾಲಿಗೆ ಮುಟ್ಟುತ್ತದೆ. ಹಿಂದೆ ಕೂತಿರುವ ನನ್ನ ಕೈಯಲ್ಲಿ ಅದನ್ನು ತಗ್ಗಿಸುವ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿ, ಇಲ್ಲ. ಅದರ ಫೇಡರ್ ಡ್ರಮ್ಮರನ ಮಣಿಕಟ್ಟು. ಸಣ್ಣ ಜಾಗದಲ್ಲಿ ತೆಳು ಕಡ್ಡಿಗಳನ್ನು ಕಟ್ಟಿದ ರಾಡ್ಸ್ ಬಳಸಿ, ಇಲ್ಲವೇ ಮೇಲೆ ಕೂತು ಕೈಯಲ್ಲಿ ಬಾರಿಸುವ ಮರದ ಪೆಟ್ಟಿಗೆ ಕಹೋನ್ ತನ್ನಿ. ಲೋಕಲ್‌ನಲ್ಲಿ ತರುವುದಕ್ಕೂ ಕಹೋನ್ ಸುಲಭ. ಚೆಂಡೆ ಸೇರಿಸುವ ಬ್ಯಾಂಡುಗಳೂ ಇವೆ, ನನಗೆ ಅದು ತುಂಬಾ ಇಷ್ಟ. ಆದರೆ ಚೆಂಡೆ ಬಂದಾಗ ಹಾಡು ನಿಲ್ಲಬೇಕು, ಹಾಡು ಬಂದಾಗ ಚೆಂಡೆ ನಿಲ್ಲಬೇಕು. ಎರಡನ್ನೂ ಒಟ್ಟಿಗೆ ಗೆಲ್ಲಿಸುವ ಯಂತ್ರ ಯಾರ ಹತ್ತಿರವೂ ಇಲ್ಲ.

ಗಿಟಾರಿನ ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ, ಅಂದರೆ ಆಂಪ್‌ನದು ಇನ್ನೊಂದು ಕಥೆ. ಡೊಂಬಿವಲಿ ಕಡೆಯ ಒಂದು ಬ್ಯಾಂಡಿನ ಗಿಟಾರಿಸ್ಟ್ ಸೌಂಡ್‌ಚೆಕ್‌ನಲ್ಲಿ, ಅಂದರೆ ಕಾರ್ಯಕ್ರಮಕ್ಕೆ ಮೊದಲು ಸದ್ದು ಹೊಂದಿಸುವಾಗ, ಪ್ರತಿ ಹಾಡಿಗೂ ಆಂಪ್ ಏರಿಸುತ್ತಲೇ ಇದ್ದ. "ನನಗೆ ಕೇಳಿಸ್ತಾನೇ ಇಲ್ಲ ಅಣ್ಣಾ" ಅಂದ. ಅವನು ಹೇಳಿದ್ದು ನಿಜವೇ. ಆಂಪ್ ನೆಲದ ಮೇಲಿತ್ತು, ಅವನು ಅದರಿಂದ ಒಂದು ಹೆಜ್ಜೆ ಮುಂದೆ ನಿಂತಿದ್ದ. ಸ್ಪೀಕರಿನ ಮೊನಚಾದ ಸದ್ದು ನೇರ ಮುಂದಕ್ಕೆ ಹೋಗುತ್ತದೆ. ಅದು ಅವನ ಮೊಣಕಾಲ ಪಕ್ಕದಿಂದ ಹಾದು ಸೀದಾ ಮುಂದಿನ ಸಾಲಿನ ಹಿರಿಯರ ಮುಖಕ್ಕೆ ಬಡಿಯುತ್ತಿತ್ತು. ಅಡುಗೆಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ಆಂಪನ್ನು ಅದರ ಮೇಲಿಟ್ಟು, ಸ್ವಲ್ಪ ಹಿಂದಕ್ಕೆ ವಾಲಿಸಿ ಅವನ ಕಿವಿಯ ಕಡೆ ತಿರುಗಿಸಿದೆವು. ಅವನೇ ಹೋಗಿ ನಾಬ್ ಅರ್ಧಕ್ಕೆ ಇಳಿಸಿದ. ಹಾಡುತ್ತಿದ್ದ ಹುಡುಗಿಯ ಧ್ವನಿ ಅದೇ ಕ್ಷಣಕ್ಕೆ ಹಾಲ್‌ನಲ್ಲಿ ಎದ್ದು ನಿಂತಿತು. ಖರ್ಚು ಏನೂ ಇಲ್ಲ, ಒಂದು ಕುರ್ಚಿ ಸಾಕು.

ಮೈಕ್ ಹಿಡಿಯುವುದನ್ನು ನಮ್ಮಲ್ಲಿ ಯಾರೂ ಕಲಿಸುವುದಿಲ್ಲ. ಬಾಡಿಗೆಗೆ ಹೆಚ್ಚಾಗಿ ಸಿಗುವುದು ಶ್ಯೂರ್ ಎಸ್‌ಎಂ58. 1966ರಿಂದ ಇರುವ ಮೈಕು, ಗಟ್ಟಿ ಆಸಾಮಿ. ಅದು ಮುಂದಿನಿಂದ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ನೇರ ಹಿಂದಿನಿಂದ ತೀರಾ ಕಡಿಮೆ. ಅದಕ್ಕೇ ಹಾಡುವವರಿಗೆ ತಮ್ಮ ಧ್ವನಿ ಕೇಳಿಸಲು ಇಡುವ ಮಾನಿಟರ್ ಸ್ಪೀಕರನ್ನು ಮೈಕಿನ ಬೆನ್ನಿನ ಕಡೆ ಇಡುತ್ತೇವೆ. ತಲೆಯ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಈ ಗುಣ ಕೆಟ್ಟು ಮೈಕು ಎಲ್ಲ ದಿಕ್ಕಿನಿಂದಲೂ ಕೇಳತೊಡಗುತ್ತದೆ, ಕುಂಯ್ ಅಂತ ಕೂಗು ಶುರುವಾಗುತ್ತದೆ. ದೂರದ ಲೆಕ್ಕವನ್ನೂ ತಿಳಿದುಕೊಳ್ಳಿ. ಬಾಯಿಂದ ಮೈಕಿಗೆ ಇರುವ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ವಾಪಸ್ ತರಲು ನಾಲ್ಕು ಪಟ್ಟು ಪವರ್ ಬೇಕು. ಎರಡು ಬೆರಳು ದೂರದಲ್ಲಿ ಹಾಡುತ್ತಿದ್ದವರು ನಾಲ್ಕು ಬೆರಳು ದೂರ ಸರಿದರೆ ಇಷ್ಟೆಲ್ಲ ಆಗುತ್ತದೆ. ಜೋರು ಸ್ವರ ಎತ್ತುವಾಗ ಮಾತ್ರ ಸ್ವಲ್ಪ ದೂರ ಹೋಗಿ. ಮೆಲ್ಲಗೆ ಹಾಡುವ ಸಾಲಿಗೆ ಹತ್ತಿರ ಬನ್ನಿ.

ಫೋನಿನಲ್ಲಿ ಸಾಹಿತ್ಯ ನೋಡಿ ಹಾಡುವವರಿಗೆ ಈ ದೂರ ಕಾಯುವುದು ಆಗುವುದೇ ಇಲ್ಲ. ತಲೆ ಬಗ್ಗುತ್ತದೆ, ಬಾಯಿ ಮೈಕಿನಿಂದ ಜಾರುತ್ತದೆ. ಮುಂಬೈಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರು ಹಾಡನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಮರಾಠಿ, ಹಿಂದಿ ಬರೆಯುವ ರೀತಿಯಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಇಲ್ಲ. ಬೆಳೆ, ಬೇಳೆ ಎರಡೂ ಒಂದೇ ಥರ ಕಾಣುತ್ತವೆ. ಆ ಮಕ್ಕಳು ಕನ್ನಡದಲ್ಲಿ ಹಾಡುತ್ತಾರಲ್ಲ, ಅದೇ ದೊಡ್ಡ ವಿಷಯ, ಅವರನ್ನು ನೋಡಿದರೆ ನನಗೆ ಹೆಮ್ಮೆ. ಆದರೆ ಮನೆಯ ಅಜ್ಜಿಯ ಮುಂದೆ ಕೂತು ಒಂದು ಸಲ ಸಾಲು ಸಾಲಾಗಿ ಓದಿಸಿಕೊಳ್ಳಿ. ಆಮೇಲೆ ಬಾಯಿಪಾಠ ಮಾಡಿ ಸ್ಟೇಜ್ ಹತ್ತಿ.

ಇನ್ನು ಸೌಂಡ್‌ಚೆಕ್. ಹೆಚ್ಚಿನ ಕಡೆ ಮೊದಲು ಕಿಕ್ ಡ್ರಮ್, ಆಮೇಲೆ ಸ್ನೇರ್, ಬೇಸ್, ಗಿಟಾರ್, ಕೀಬೋರ್ಡ್, ಕೊನೆಗೆ ಗಾಯಕರು ಎಂಬ ಕ್ರಮ ಇದೆ. ಸಮಯ ಧಾರಾಳ ಇದ್ದರೆ ಅದು ಸರಿ. ನಮ್ಮ ಕಾರ್ಯಕ್ರಮಗಳಲ್ಲಿ ಧಾರಾಳ ಎಲ್ಲಿದೆ? ಭಾನುವಾರ ಮಧ್ಯಾಹ್ನ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಲೋಕಲ್ ರೈಲುಗಳು ಕಡಿಮೆ. ಅರ್ಧ ಬ್ಯಾಂಡು ಠಾಣೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಎಲ್ಲರೂ ಸೇರುವ ಹೊತ್ತಿಗೆ ಸ್ಟೇಜ್ ಮೇಲೆ ರಂಗೋಲಿ ಹಾಕುವವರು ಬಂದಿರುತ್ತಾರೆ. ಕಿಕ್ ಡ್ರಮ್ಮಿಗೆ ಹತ್ತು ನಿಮಿಷ ಹೋಗಿ, ಧ್ವನಿಗೆ ಬರೀ "ಹಲೋ, ಚೆಕ್" ಉಳಿಯುತ್ತದೆ. ಹದಿನೈದೇ ನಿಮಿಷ ಇದ್ದರೆ ಮೊದಲು ಧ್ವನಿ ಹೊಂದಿಸಲು ಹೇಳಿ. ಅದರ ಸುತ್ತ ಬೇರೆಯವು ಕೂರಲಿ. ಒಂದು ವಿಷಯ ನೆನಪಿರಲಿ, ಖಾಲಿ ಹಾಲ್ ಗುಂಯ್‌ಗುಡುತ್ತದೆ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಗಳೇ ಆ ಗುಂಯ್ ಅನ್ನು ಹೀರಿಕೊಳ್ಳುತ್ತವೆ. ಸೌಂಡ್‌ಚೆಕ್‌ನಲ್ಲಿ ಹೇಗೋ ಇತ್ತು ಅಂತ ಗಾಬರಿ ಬೇಡ.

ಕೆಲಸ ಬೇಗ ಆಗಬೇಕಾದರೆ ಎರಡು ದಿನ ಮೊದಲೇ ಸೌಂಡ್‌ನವರಿಗೆ ವಾಟ್ಸಾಪ್‌ನಲ್ಲಿ ಒಂದು ಹಾಳೆ ಕಳಿಸಿ. ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕ್, ಯಾವುದಕ್ಕೆ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಬೇಕು, ಪ್ಲಗ್ ಪಾಯಿಂಟ್ ಎಲ್ಲಿ ಬೇಕು. ಅಕೌಸ್ಟಿಕ್ ಗಿಟಾರಿನ ಪಿಕಪ್‌ನಿಂದ ಉದ್ದದ ಕೇಬಲ್ ಎಳೆದರೆ ಹೊಳಪು ಸತ್ತು ಗೊರಗೊರ ಸೇರುತ್ತದೆ. ಡಿಐ ಬಾಕ್ಸ್ ಅದನ್ನು ತಪ್ಪಿಸುತ್ತದೆ. ಒಳ್ಳೆಯ ಡಿಐ ಒಂದನ್ನು ಬ್ಯಾಂಡೇ ಕೊಂಡುಕೊಳ್ಳಲಿ. ಗಿಟಾರಿನ ಸದ್ದು ಬದಲಿಸುವ ಹೊಸ ಪೆಡಲ್‌ಗಿಂತ ಮೊದಲು ಅದು.

ಸಮಯದ ವಿಷಯಕ್ಕೆ ಬರೋಣ. ದೀಪ ಬೆಳಗುವುದು, ಸ್ವಾಗತ, ಸನ್ಮಾನ, ಅತಿಥಿಗಳ ಮಾತು. ಏಳೂವರೆಗೆ ಅಂದವರಿಗೆ ಒಂಬತ್ತಕ್ಕೆ ಸ್ಟೇಜ್ ಸಿಗುತ್ತದೆ. ಬಯಲಿನ ಕಾರ್ಯಕ್ರಮವಾದರೆ ರಾತ್ರಿ 10ಕ್ಕೆ ಲೌಡ್‌ಸ್ಪೀಕರ್ ಬಂದ್. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲೇ ಅದು ಇದೆ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರ ತನಕ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅಷ್ಟೇ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ತನಕದ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಧೋಬಿ ತಲಾವ್‌ನ ಬಯಲು ರಂಗಮಂದಿರ ರಂಗ ಭವನ ಒಂದು ಕಾಲಕ್ಕೆ ಈ ಊರಿನ ರಾಕ್ ಮತ್ತು ಜಾಝ್ ಪ್ರಿಯರ ಮನೆಯೇ ಆಗಿತ್ತು. ನಿಶ್ಶಬ್ದ ವಲಯದಲ್ಲಿ ಬಿದ್ದದ್ದೇ ಅಲ್ಲಿನ ಸಂಗೀತ ನಿಂತಿತು.

ಆದ್ದರಿಂದ ಸೆಟ್ ಲಿಸ್ಟ್, ಅಂದರೆ ಹಾಡುವ ಹಾಡುಗಳ ಪಟ್ಟಿ, ಒಂದೇ ಇರಬಾರದು. ಒಂದು ಗಂಟೆಯದು, ನಲವತ್ತು ನಿಮಿಷದ್ದು, ಇಪ್ಪತ್ತು ನಿಮಿಷದ್ದು, ಮೂರೂ ಅಭ್ಯಾಸ ಆಗಿರಲಿ. ಯಾವ ಹಾಡು ಬಿಡುವುದು ಅಂತ ಸ್ಟೇಜ್ ಮೇಲೆ ಗುಸುಗುಸು ಚರ್ಚೆ ಮಾಡುವುದು ಚೆನ್ನಾಗಿ ಕಾಣುವುದಿಲ್ಲ. ಸಂಘಟಕರು ಬಂದು "ಸ್ವಲ್ಪ ಚುಟುಕಾಗಿ ಮುಗಿಸಿ" ಅಂದಾಗ ನಗುತ್ತಾ "ಆಯ್ತು ಅಣ್ಣಾ" ಅನ್ನುವ ಬ್ಯಾಂಡನ್ನು ಅವರು ಮರೆಯುವುದಿಲ್ಲ. ಎರಡು ಹಾಡಿನ ನಡುವಿನ ಜಾಗವನ್ನೂ ಅಭ್ಯಾಸ ಮಾಡಿ. ಗಿಟಾರ್ ಟ್ಯೂನ್ ಮಾಡುವಾಗ ಯಾರು ಮಾತಾಡುತ್ತಾರೆ, ಏನು ಹೇಳುತ್ತಾರೆ ಅಂತ ಮೊದಲೇ ಗೊತ್ತಿರಲಿ.

ನಮ್ಮ ಹಾಲ್‌ಗಳ ಆಚೆ ಇರುವ ಕ್ಲಬ್ಬುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಸ್ವಂತ ಹಾಡು ಕೇಳುತ್ತಾರೆ, ಟಿಕೆಟ್ ಕೊಂಡು ಎಷ್ಟು ಜನ ಬರಬಹುದು ಅಂತಲೂ ಕೇಳುತ್ತಾರೆ. 2007ರಲ್ಲಿ ಲೋವರ್ ಪರೇಲ್‌ನಲ್ಲಿ ತೆರೆದ ಬ್ಲೂ ಫ್ರಾಗ್ ಸ್ವಂತ ಹಾಡು ಕಟ್ಟುವವರಿಗೆ ದೊಡ್ಡ ಆಸರೆಯಾಗಿತ್ತು, 2016ರಲ್ಲಿ ಮುಚ್ಚಿತು. ಕನ್ನಡ ಹಾಡು ಅಲ್ಲಿಗೆ ಒಗ್ಗುವುದಿಲ್ಲ ಅನ್ನುವವರಿಗೆ ರಘು ದೀಕ್ಷಿತ್ ಅವರನ್ನು ನೆನಪಿಸುತ್ತೇನೆ. ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂದದ್ದು ಮುಂಬೈಯ ಸಿನಿಮಾ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಅವರ ಲೇಬಲ್‌ನಿಂದ. ಭಾಷೆ ಗೊತ್ತಿಲ್ಲದವರಿಗೆ ಹಾಡಿನ ಮೊದಲು ಎರಡೇ ಮಾತಿನಲ್ಲಿ ಅದರ ಕಥೆ ಹೇಳಿ. ಆಮೇಲೆ ಅವರೂ ಪದಗಳಿಗೆ ಕಿವಿ ಕೊಡುತ್ತಾರೆ.

ಬೇರೆಯವರ ಹಾಡು ಹಾಡುವಾಗ ಹಕ್ಕಿನ ವಿಷಯ ಕೇಳಿಕೊಳ್ಳಿ. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಲೈಸೆನ್ಸ್ ಯಾರು ತೆಗೆದುಕೊಳ್ಳುತ್ತಾರೆ ಅಂತ ಒಪ್ಪಂದದಲ್ಲೇ ಬರೆಸಿ, ಸಾಮಾನ್ಯವಾಗಿ ಸಂಘಟಕರು ತೆಗೆದುಕೊಳ್ಳುತ್ತಾರೆ. ಮದುವೆ ಮತ್ತು ಅದಕ್ಕೆ ಸೇರಿದ ಸಮಾರಂಭಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕವಿ ತೀರಿಕೊಂಡ ಮೇಲೂ 60 ವರ್ಷ ಸಾಹಿತ್ಯದ ಹಕ್ಕು ಉಳಿಯುತ್ತದೆ. ಹಳೆಯ ತತ್ವಪದಕ್ಕೆ ಆ ತೊಡಕಿಲ್ಲ, ಆದರೆ ಅದಕ್ಕೆ ಇತ್ತೀಚೆಗೆ ಒಬ್ಬರು ಹಾಕಿದ ರಾಗ ಅವರದ್ದೇ. ದುಡ್ಡಿನ ಮಾತು ಮೊದಲೇ ಆಗಲಿ, ಅರ್ಧ ಮುಂಗಡ ಇರಲಿ, ಟೆಂಪೊ ಬಾಡಿಗೆ ಯಾರದ್ದು ಅಂತಲೂ ಸ್ಪಷ್ಟವಿರಲಿ. ನಮ್ಮವರೇ ಅಲ್ವಾ ಅಂತ ಸುಮ್ಮನಿದ್ದರೆ ಆಮೇಲೆ ಎರಡೂ ಕಡೆ ಮನಸ್ಸು ಕಹಿಯಾಗುತ್ತದೆ.

ಕಾರ್ಯಕ್ರಮದ ದಿನ ಗೆಳೆಯರೊಬ್ಬರನ್ನು ಫೋನ್ ಕೊಟ್ಟು ಕೊನೆಯ ಸಾಲಿನಲ್ಲಿ ಕೂರಿಸಿ, ಪೂರ್ತಿ ರೆಕಾರ್ಡ್ ಮಾಡಲಿ. ಮಿಕ್ಸರ್‌ನಿಂದ ತೆಗೆದ ರೆಕಾರ್ಡಿಂಗ್ ನಂಬಬೇಡಿ. ಸಣ್ಣ ಹಾಲ್‌ನಲ್ಲಿ ಡ್ರಮ್ಮು, ಆಂಪಿನ ಸದ್ದು ಮಿಕ್ಸರ್‌ಗೆ ಬರುವುದೇ ಕಡಿಮೆ, ಅದರಲ್ಲಿ ಧ್ವನಿ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಆಮೇಲೆ ಹಾಡು ಗೊತ್ತಿಲ್ಲದ ಒಬ್ಬರಿಗೆ ಫೋನ್ ರೆಕಾರ್ಡಿಂಗ್ ಕೇಳಿಸಿ, ಕೇಳಿಸಿದ ಪದಗಳನ್ನು ಬರೆಯಲು ಹೇಳಿ. ತಪ್ಪಿದ ಪದಗಳಿಗೆ ನಿಮ್ಮ ಸಾಹಿತ್ಯದ ಹಾಳೆಯಲ್ಲಿ ಗುರುತು ಹಾಕಿ. ಗುರುತುಗಳು ಹೆಚ್ಚಾಗಿ ಎರಡು ಮೂರು ಕಡೆ ಗುಂಪಾಗಿ ಬೀಳುತ್ತವೆ. ಡ್ರಮ್ ರೋಲ್ ಬರುವ ಜಾಗ, ಎರಡನೇ ಗಿಟಾರ್ ಸೇರುವ ಜಾಗ, ಗಾಯಕರ ಉಸಿರು ಮುಗಿಯುವ ಸಾಲಿನ ತುದಿ. ಆ ಜಾಗಗಳಲ್ಲಿ ಯಾರು ನಿಲ್ಲಿಸಬೇಕು, ಯಾರು ಮೆಲ್ಲಗಾಗಬೇಕು ಅಂತ ಮುಂದಿನ ಪ್ರಾಕ್ಟೀಸ್‌ನಲ್ಲಿ ಮೊದಲು ತೀರ್ಮಾನಿಸಿ. ಹೊಸ ಹಾಡು ಎತ್ತಿಕೊಳ್ಳುವುದು ಅದಾದ ಮೇಲೆ.